ಯಾಕುಜಾ ಚಿತ್ರಗಳಲ್ಲಿ ಮೊದಲು ಯಾವುದನ್ನು ನೋಡಬೇಕು?

ಜಪಾನಿನ ಭೂಗತ ಲೋಕದ, ಅಂದರೆ ಯಾಕುಜಾ ಗ್ಯಾಂಗುಗಳ, ಚಿತ್ರಗಳನ್ನು ನೋಡಬೇಕೆಂದು ಹೊರಟವರ ಕೈಗೆ ಸಾಮಾನ್ಯವಾಗಿ ಮೊದಲು ಸಿಗುವುದು ತಕೇಶಿ ಕಿಟಾನೊ ಅವರ ಚಿತ್ರಗಳು. ನನಗೂ ಹಾಗೆಯೇ ಆಯಿತು. 1993ರ ‘ಸೊನಾಟಿನ್’ ಚಿತ್ರದಲ್ಲಿ ಒಂದು ಬಾರಿನೊಳಗೆ ಗುಂಡಿನ ಕಾಳಗ ನಡೆಯುತ್ತದೆ. ಯಾರೂ ಬಗ್ಗುವುದಿಲ್ಲ, ಮೇಜಿನ ಹಿಂದೆ ಅಡಗುವುದಿಲ್ಲ, ಬಸ್ಸಿಗೆ ಕಾಯುವವರ ಹಾಗೆ ನಿಂತಲ್ಲೇ ನಿಂತು ಎದುರಿಗಿದ್ದವನಿಗೆ ಗುಂಡಿಕ್ಕುತ್ತಾರೆ. ಅದನ್ನು ಕಂಡು, ಹೊಡೆದಾಟವನ್ನು ಸಂಯೋಜಿಸಲು ಬಾರದ ನಿರ್ದೇಶಕ ಇವರು ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಅದಕ್ಕೂ ಹಿಂದಿನ ಮೂವತ್ತು ವರ್ಷಗಳ ಚಿತ್ರಗಳನ್ನು ನೋಡಿದ ಮೇಲಷ್ಟೇ, ಆ ಚಲನೆಯಿಲ್ಲದ ಕಾಳಗವು ಹಳೆಯ ಚಿತ್ರಗಳಿಗೆ ಕೊಟ್ಟ ಉತ್ತರವೆಂಬುದು ತಿಳಿಯಿತು. ಈ ಬಗೆಯ ಚಿತ್ರಗಳಲ್ಲಿ ನೋಡುವ ಕ್ರಮ ತಪ್ಪಿದರೆ ಒಳ್ಳೆಯ ಚಿತ್ರವೂ ಸಪ್ಪೆಯಾಗಿ ಕಾಣುತ್ತದೆ. ಹಾಗಾಗಿ ಯಾವುದು ಶ್ರೇಷ್ಠ ಎಂಬುದಕ್ಕಿಂತ ಯಾವುದನ್ನು ಯಾವುದರ ನಂತರ ನೋಡಬೇಕು ಎಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

ಸ್ಥೂಲವಾಗಿ ನಮ್ಮ ಮುಂದೆ ಮೂರು ದಾರಿಗಳಿವೆ. 1960ರ ದಶಕದಲ್ಲಿ ತೋಯೇ ಸ್ಟುಡಿಯೊ ತಯಾರಿಸಿದ ‘ನಿನ್ಕ್ಯೋ’ ಚಿತ್ರಗಳು, ಅಂದರೆ ಮರ್ಯಾದೆಗೆ ಪ್ರಾಣ ಕೊಡುವ ಜೂಜುಗಾರರ ಕಥೆಗಳು, ಮೊದಲನೆಯವು. 1973ರಲ್ಲಿ ಕಿಂಜಿ ಫುಕಾಸಾಕು ಆರಂಭಿಸಿದ ‘ಜಿತ್ಸುರೋಕು’, ಅಂದರೆ ನಡೆದ ಸಂಗತಿಗಳ ದಾಖಲೆಯಂತೆ ಹೇಳುವ ಚಿತ್ರಗಳು, ಎರಡನೆಯವು. ಕಿಟಾನೊ ಅವರದು ಮೂರನೆಯ ದಾರಿ. ಇವುಗಳ ಆಚೀಚೆಗೆ ಕೆಲವು ಒಂಟಿ ಚಿತ್ರಗಳೂ ಇವೆ. ಅವುಗಳ ಮಾತು ಮುಂದೆ ಬರುತ್ತದೆ.

ಅಳೆಯುವ ಕೋಲು

ಹೋಲಿಕೆಗೆ ತೊಡಗುವ ಮುನ್ನ ‘ಗಿರಿ’ ಎಂಬ ಒಂದು ಜಪಾನೀ ಪದವನ್ನು ಅರ್ಥ ಮಾಡಿಕೊಳ್ಳಬೇಕು. ಇಂಗ್ಲಿಷ್ ಸಬ್‌ಟೈಟಲ್‌ಗಳು ಇದನ್ನು ಕರ್ತವ್ಯ ಎಂಬರ್ಥದ ಪದದಿಂದ ಮುಗಿಸಿಬಿಡುತ್ತವೆ. ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ ಪದವೊಂದಿದೆ. ಹಳಗನ್ನಡದ ಕಾವ್ಯ ಮತ್ತು ಶಾಸನಗಳನ್ನು ಓದಿದವರು ಬಲ್ಲ ‘ಜೋಳವಾಳಿ’, ಅಂದರೆ ಒಡೆಯನ ಮನೆಯ ಜೋಳವನ್ನು ಉಂಡದ್ದಕ್ಕೆ ಅಗತ್ಯ ಬಿದ್ದಾಗ ಪ್ರಾಣವನ್ನೇ ತೆತ್ತು ತೀರಿಸಬೇಕಾದ ಋಣ. ಯಾಕುಜಾ ಲೋಕದಲ್ಲಿ ಇದಕ್ಕೆ ಅಚ್ಚರಿಯಾಗುವಷ್ಟು ಸಮೀಪದ ಕಟ್ಟಳೆಯೊಂದಿದೆ. ಅಲೆಮಾರಿ ಜೂಜುಗಾರನೊಬ್ಬ ಒಂದು ಮನೆಯಲ್ಲಿ ಒಂದು ರಾತ್ರಿ ತಂಗಿ ಒಂದು ಹೊತ್ತು ಉಂಡರೆ ಸಾಕು, ಮರುದಿನ ಆ ಮನೆಯವರ ಜಗಳ ಅವನ ಜಗಳವೂ ಆಗುತ್ತದೆ. ಎದುರಾಳಿ ಒಳ್ಳೆಯವನೆಂದು ತಿಳಿದಿದ್ದರೂ ಕತ್ತಿ ಹಿರಿಯಬೇಕಾಗುತ್ತದೆ. ಇದನ್ನು ‘ಇಶ್ಶುಕು ಇಪ್ಪನ್’, ಒಂದು ತಂಗು ಮತ್ತು ಒಂದು ಊಟದ ಋಣ, ಎನ್ನುತ್ತಾರೆ. ಈ ಗಿರಿಗೆ ಎದುರಾಗಿ ನಿಲ್ಲುವುದು ‘ನಿಂಜೋ’, ಅಂದರೆ ಮನುಷ್ಯ ಸಹಜವಾದ ಕರುಳಿನ ಸೆಳೆತ. ಕುಂತಿಯೇ ತಾಯಿ ಎಂದು ತಿಳಿದ ಮೇಲೂ ದುರ್ಯೋಧನನ ಪಾಳೆಯವನ್ನು ಬಿಡದ ಕರ್ಣನನ್ನು ಬಲ್ಲವರಿಗೆ ಈ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು ಸಂಬಂಧಗಳ ಕುರಿತದ್ದು. ಗುಂಪಿನ ಮುಖ್ಯಸ್ಥನಿಗೆ ‘ಓಯಾಬುನ್’, ಅನುಯಾಯಿಗೆ ‘ಕೋಬುನ್’ ಎನ್ನುತ್ತಾರೆ. ಮೊದಲನೆಯದರಲ್ಲಿ ತಂದೆತಾಯಿ ಎಂಬರ್ಥದ ಪದವೂ ಎರಡನೆಯದರಲ್ಲಿ ಮಗು ಎಂಬರ್ಥದ ಪದವೂ ಸೇರಿವೆ. ಹಿರಿಯ ಸಂಗಡಿಗ ‘ಅನಿಕಿ’, ನಮ್ಮ ರೌಡಿ ಚಿತ್ರಗಳ ‘ಅಣ್ಣ’ ಇದ್ದ ಹಾಗೆಯೇ. ಈ ನಂಟು ಕಟ್ಟುವುದು ‘ಸಕಾಜುಕಿ’ ಎಂಬ ವಿಧಿಯಲ್ಲಿ, ಬಟ್ಟಲಿನ ‘ಸಾಕೆ’ಯನ್ನು, ಅಂದರೆ ಅಕ್ಕಿಯ ಮದ್ಯವನ್ನು, ಹಂಚಿಕೊಂಡು ಕುಡಿಯುವುದರ ಮೂಲಕ. ಇಬ್ಬರು ಸಮಾನ ಸಹೋದರರಾದರೆ ಐದಕ್ಕೆ ಐದು ಪಾಲು; ಒಬ್ಬ ಹಿರಿಯನಾದರೆ ಆರಕ್ಕೆ ನಾಲ್ಕು ಅಥವಾ ಏಳಕ್ಕೆ ಮೂರು. ಮುಂದೆ ಯಾರು ಯಾರ ಪರವಾಗಿ ಸಾಯಬೇಕೆಂಬ ಲೆಕ್ಕ ಆ ಬಟ್ಟಲಿನಲ್ಲೇ ನಿಗದಿಯಾಗಿರುತ್ತದೆ. ಬಟ್ಟಲಿನ ದೃಶ್ಯ ನಿಧಾನವೆಂದು ಓಡಿಸಿ ನೋಡುವವರಿಗೆ ಮುಂದಿನ ಕೊಲೆಗಳ ಕಾರಣವೇ ತಿಳಿಯುವುದಿಲ್ಲ.

ಹೀಗಾಗಿ ಪ್ರತಿ ಚಿತ್ರಕ್ಕೂ ನಾನು ಕೇಳುವುದು ಎರಡೇ ಪ್ರಶ್ನೆ. ಅನ್ನವಿಕ್ಕಿದವನು ಆ ಋಣಕ್ಕೆ ಯೋಗ್ಯನೇ? ಕತ್ತಿಯೋ ಪಿಸ್ತೂಲೋ ಹೊರಬಂದಾಗ ಏನಾದರೂ ತೀರುತ್ತದೆಯೇ?

ಮರ್ಯಾದೆಯ ಚಿತ್ರಗಳು

ನಿನ್ಕ್ಯೋ ಚಿತ್ರಗಳ ಅಲೆ ಏಳಲು 1963ರ ‘ಜಿನ್ಸೇಯಿ ಗೆಕಿಜೋ: ಹಿಶಾಕಾಕು’ ಕಾರಣವಾಯಿತು ಎನ್ನುವುದು ರೂಢಿ. ಅದರಲ್ಲಿ ನಟಿಸಿದ ಕೋಜಿ ತ್ಸುರುತಾ ಮತ್ತು ಕೆನ್ ತಕಾಕುರಾ ಮುಂದಿನ ಹತ್ತು ವರ್ಷ ಈ ಬಗೆಯ ಚಿತ್ರಗಳನ್ನು ಹೆಗಲ ಮೇಲೆ ಹೊತ್ತರು. ಕಾಕತಾಳೀಯವೋ ಏನೋ, ಪೊಲೀಸರ ಲೆಕ್ಕದಲ್ಲಿ ಜಪಾನಿನ ನಿಜವಾದ ಯಾಕುಜಾಗಳ ಸಂಖ್ಯೆ ಸುಮಾರು 1,84,000ಕ್ಕೆ ಏರಿ ತುತ್ತತುದಿ ಮುಟ್ಟಿದ್ದೂ ಅದೇ ವರ್ಷ.

ಕಥೆಯ ಚೌಕಟ್ಟು ಹೆಚ್ಚುಕಡಿಮೆ ಒಂದೇ. ಕಾಲ ಮೇಯ್ಜಿ ಯುಗದಿಂದ (1868–1912) ಎರಡನೆಯ ಮಹಾಯುದ್ಧದ ಮುಂಚಿನ ವರ್ಷಗಳವರೆಗೆ ಎಲ್ಲಾದರೂ ಇರಬಹುದು. ಕಿಮೋನೊ ಉಟ್ಟು ಹಳೆಯ ಕಟ್ಟಳೆಗೆ ಬದ್ಧವಾದ ಗುಂಪು ಒಂದು ಕಡೆ. ಸೂಟು ಧರಿಸಿ, ಪಿಸ್ತೂಲು ಇಟ್ಟುಕೊಂಡು, ಗುತ್ತಿಗೆದಾರರೊಂದಿಗೂ ರಾಜಕಾರಣಿಗಳೊಂದಿಗೂ ಕೈಜೋಡಿಸಿದ ಹೊಸ ಗುಂಪು ಇನ್ನೊಂದು ಕಡೆ. ನಾಯಕ ಅವಮಾನದ ಮೇಲೆ ಅವಮಾನವನ್ನು ನುಂಗುತ್ತಾನೆ. ಚಿತ್ರದ ಬಹುಪಾಲು ಸಮಯ ಅವನ ಮುಖದ ಸ್ನಾಯುಗಳು ಬಿಗಿಯುವುದನ್ನು ನೋಡುವುದರಲ್ಲೇ ಕಳೆಯುತ್ತದೆ ಎಂದರೂ ತಪ್ಪಲ್ಲ. ಕೊನೆಯಲ್ಲಿ ಒಬ್ಬ ಪ್ರಿಯನಾದವನು ಸತ್ತ ಮೇಲೆ, ಇನ್ನು ತಡೆದುಕೊಂಡರೆ ಮನುಷ್ಯನೇ ಅಲ್ಲ ಎಂಬ ಘಳಿಗೆಯಲ್ಲಿ, ಅವನು ಕತ್ತಿ ಹಿಡಿದು ಶತ್ರುವಿನ ಮನೆಯತ್ತ ನಡೆಯುತ್ತಾನೆ. 1965ರಲ್ಲಿ ಆರಂಭವಾದ ‘ಶೋವಾ ಜಾನ್ಕ್ಯೋ-ದೆನ್’ ಸರಣಿಯಲ್ಲಿ ಈ ನಡಿಗೆಯೇ ಒಂದು ವಿಧಿಯಾಗಿದೆ. ತಕಾಕುರಾ ಒಬ್ಬನೇ ಹೊರಡುತ್ತಾನೆ, ದಾರಿಯಲ್ಲಿ ರ್ಯೋ ಇಕೆಬೆಯ ಪಾತ್ರ ಮಾತಿಲ್ಲದೆ ಜೊತೆಗೂಡುತ್ತದೆ, ಹಿನ್ನೆಲೆಯಲ್ಲಿ ತಕಾಕುರಾ ಅವರದೇ ಕಂಠದ ಹಾಡು. ಮುಂದೆ ಕಾಳಗದಲ್ಲಿ ಕಿಮೋನೊ ಜಾರಿ, ಬೆನ್ನ ತುಂಬಾ ಹಚ್ಚೆ ಹಾಕಿಸಿಕೊಂಡ ಸಿಂಹ ಮತ್ತು ಪಿಯೋನಿ ಹೂಗಳು ಬೆವರಿನಲ್ಲಿ ಹೊಳೆಯುತ್ತವೆ.

ನನ್ನ ಎರಡು ಪ್ರಶ್ನೆಗಳಿಗೆ ಇಲ್ಲಿ ಸಿಗುವ ಉತ್ತರ ನೇರವಾದದ್ದು. ಅನ್ನವಿಕ್ಕಿದವನು ಯೋಗ್ಯ, ನೆತ್ತರು ಹರಿದಾಗ ಋಣ ತೀರುತ್ತದೆ. ಇದು ಕೆಲವರಿಗೆ ಮೆಚ್ಚುಗೆಯಾಗಬಹುದು, ಕೆಲವರಿಗೆ ಬೇಸರ ತರಬಹುದು. ಸರಣಿಯ ಮೂರು ಚಿತ್ರಗಳನ್ನು ಬೆನ್ನುಬೆನ್ನಿಗೆ ನೋಡಿದರೆ ಯಾವುದರಲ್ಲಿ ಯಾರು ಸತ್ತರೆಂದು ನೆನಪಿಡುವುದು ಕಷ್ಟ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಈ ಗುಂಪಿನಿಂದ ಒಂದನ್ನೇ ಆರಿಸುವುದಾದರೆ, ಅನುಮಾನವಿಲ್ಲದೆ, ಕೋಸಾಕು ಯಾಮಾಶಿತಾ ನಿರ್ದೇಶನದ 1968ರ ‘ಬಿಗ್ ಟೈಮ್ ಗ್ಯಾಂಬ್ಲಿಂಗ್ ಬಾಸ್’. 1930ರ ದಶಕದ ಟೋಕಿಯೊದಲ್ಲಿ ಒಂದು ಗುಂಪಿನ ಮುಖ್ಯಸ್ಥ ಹಾಸಿಗೆ ಹಿಡಿದಿದ್ದಾನೆ. ಉತ್ತರಾಧಿಕಾರಿ ಯಾರೆಂಬುದು ಪ್ರಶ್ನೆ. ತ್ಸುರುತಾ ವಹಿಸಿರುವ ನಕಾಯಿ ಎಂಬ ಪಾತ್ರ, ತಾನು ಹೊರಗಿನಿಂದ ಬಂದವನೆಂಬ ಕಾರಣ ಕೊಟ್ಟು ಪಟ್ಟವನ್ನು ನಿರಾಕರಿಸಿ, ಜೈಲಿನಲ್ಲಿರುವ ತನ್ನ ಬಟ್ಟಲ ಸಹೋದರನ ಹೆಸರನ್ನು ಸೂಚಿಸುತ್ತದೆ. ಹಿರಿಯರು ಮಾತ್ರ ಇನ್ನೊಬ್ಬನನ್ನು ಆರಿಸುತ್ತಾರೆ. ಅಲ್ಲಿಂದ ಮುಂದೆ ಪ್ರತಿಯೊಬ್ಬನೂ ತನ್ನ ಕಟ್ಟಳೆಯ ಪ್ರಕಾರ ಸರಿಯಾದದ್ದನ್ನೇ ಮಾಡುತ್ತಾನೆ, ಮತ್ತು ಪ್ರತಿ ಸರಿಯಾದ ಹೆಜ್ಜೆಯೂ ಇನ್ನೊಂದು ಹೆಣವನ್ನು ಉರುಳಿಸುತ್ತದೆ. ಲೇಖಕ ಯುಕಿಯೊ ಮಿಶಿಮಾ ಈ ಚಿತ್ರವನ್ನು ಬಾಯ್ತುಂಬ ಹೊಗಳಿದ್ದರಿಂದ ಅದಕ್ಕೆ ಹೆಸರು ಬಂತು. ನನಗೆ ಅದು ಮುಖ್ಯವಾಗುವುದು ಬೇರೆ ಕಾರಣಕ್ಕೆ: ನಿನ್ಕ್ಯೋ ಚಿತ್ರಗಳ ಎಲ್ಲ ವಿಧಿಗಳನ್ನೂ ಶ್ರದ್ಧೆಯಿಂದ ಪಾಲಿಸುತ್ತಲೇ ಅದು ಅವುಗಳ ಬುಡವನ್ನು ಅಲುಗಿಸುತ್ತದೆ. ಕೊನೆಗೆ, ಇದೇನು ಮರ್ಯಾದೆಯ ಹಾದಿಯೇ ಎಂದು ಕೇಳಿದವನಿಗೆ, ತನ್ನಲ್ಲಿ ಅಂಥದ್ದೇನೂ ಇಲ್ಲ, ತಾನು ಬರಿಯ ಕೊಲೆಗಾರ ಎಂದು ನಾಯಕನೇ ಹೇಳಿಬಿಡುತ್ತಾನೆ.

ಗಂಡಸರ ಮುಖಗಳನ್ನೇ ನೋಡಿ ದಣಿದವರು 1968ರಿಂದ 1972ರವರೆಗೆ ಬಂದ ಎಂಟು ಚಿತ್ರಗಳ ‘ರೆಡ್ ಪಿಯೋನಿ ಗ್ಯಾಂಬ್ಲರ್’ ಸರಣಿಗೆ ಹೋಗಬಹುದು. ಜುಂಕೊ ಫುಜಿ ಅಭಿನಯಿಸಿದ ಓರ್ಯು ಎಂಬ ಜೂಜುಗಾರ್ತಿ ಇದರ ನಾಯಕಿ. ಸರಣಿಯಲ್ಲಿ ತಾಯ್ ಕಾಟೊ ಎಂಬುವರು ನಿರ್ದೇಶಿಸಿದ ಚಿತ್ರಗಳನ್ನು ಮೊದಲು ಹುಡುಕಿ. ಅವರ 1970ರ ಚಿತ್ರದಲ್ಲಿ ಹಿಮ ಬೀಳುತ್ತಿರುವ ಸೇತುವೆಯ ಮೇಲೆ ಓರ್ಯುವಿನ ಕೈಯಿಂದ ಕಿತ್ತಳೆಯೊಂದು ಜಾರಿ ಬಿಳಿಯ ನೆಲದ ಮೇಲೆ ಉರುಳುತ್ತದೆ. ಅವಳೂ ಅವಳೆದುರು ನಿಂತ ಗಂಡಸೂ ಆಡದೆ ಉಳಿಸಿಕೊಂಡ ಮಾತೆಲ್ಲ ಆ ಹಣ್ಣಿನಲ್ಲಿದೆ.

ಮರ್ಯಾದೆ ಇಲ್ಲದ ಚಿತ್ರಗಳು

1973ರ ಜನವರಿಯಲ್ಲಿ ಬಿಡುಗಡೆಯಾದ ಫುಕಾಸಾಕು ಅವರ ‘ಬ್ಯಾಟಲ್ಸ್ ವಿದೌಟ್ ಆನರ್ ಅಂಡ್ ಹ್ಯುಮ್ಯಾನಿಟಿ’ ಅಣುಬಾಂಬಿನ ಅಣಬೆ ಮೋಡದಿಂದ ಆರಂಭವಾಗುತ್ತದೆ. ಸ್ಥಳ ಹಿರೋಶಿಮಾ ಬಳಿಯ ಕುರೆ ಎಂಬ ಬಂದರು ಪಟ್ಟಣ, ಕಾಲ 1946, ಕಾಳಸಂತೆ. ಯುದ್ಧ ಮುಗಿಸಿ ಬಂದ ನಿರುದ್ಯೋಗಿ ಸೈನಿಕ ಹಿರೋನೊ (ಬುಂತಾ ಸುಗಾವಾರಾ) ಒಂದು ಗುಂಪು ಸೇರುತ್ತಾನೆ. ಆ ಗುಂಪಿನ ಬಾಸ್ ಯಾಮಾಮೋರಿ, ಬೇಕಾದಾಗ ಕಣ್ಣೀರು ಸುರಿಸಬಲ್ಲ, ಖರ್ಚಿನ ಮಾತು ಬಂದಾಗ ಜಾರಿಕೊಳ್ಳಬಲ್ಲ ಒಬ್ಬ ಕ್ಷುದ್ರ ಮನುಷ್ಯ. ಅನ್ನವಿಕ್ಕಿದವನು ಯೋಗ್ಯನೇ ಎಂಬ ಪ್ರಶ್ನೆಗೆ ಈ ಚಿತ್ರ ಮೊದಲ ಅರ್ಧ ಗಂಟೆಯಲ್ಲೇ ಇಲ್ಲ ಎನ್ನುತ್ತದೆ. ಉಳಿದದ್ದೆಲ್ಲ, ಅಯೋಗ್ಯನ ಅನ್ನ ಉಂಡವರು ಒಬ್ಬರ ನಂತರ ಒಬ್ಬರಾಗಿ ಸಾಯುವ ಕಥೆ.

ಎರಡು ಬಗೆಗಳ ಅಂತರವನ್ನು ಒಂದೇ ದೃಶ್ಯದಲ್ಲಿ ಕಾಣಬೇಕೆಂದರೆ ಕಿರುಬೆರಳಿನ ದೃಶ್ಯವನ್ನು ನೋಡಬೇಕು. ತಪ್ಪಿಗೆ ಪ್ರಾಯಶ್ಚಿತ್ತವಾಗಿ ಕಿರುಬೆರಳಿನ ಗೆಣ್ಣನ್ನು ಕತ್ತರಿಸಿ ಒಪ್ಪಿಸುವುದು ಯಾಕುಜಾ ಸಂಪ್ರದಾಯ. ಹಳೆಯ ಚಿತ್ರಗಳು ಇದನ್ನು ಉಸಿರು ಬಿಗಿಹಿಡಿದು ತೋರಿಸುವಂಥ ಗಂಭೀರ ವಿಧಿಯಾಗಿ ಕಂಡಿದ್ದವು. ಫುಕಾಸಾಕು ಚಿತ್ರದಲ್ಲಿ ಹಿರೋನೊ ಬೆರಳು ಕತ್ತರಿಸಬೇಕಾಗಿ ಬಂದಾಗ ಅದರ ಕ್ರಮ ಅಲ್ಲಿದ್ದ ಗಂಡಸರಿಗೆ ಸರಿಯಾಗಿ ಗೊತ್ತಿಲ್ಲ. ಬಾಸಿನ ಹೆಂಡತಿ ಮುಂದೆ ಬಂದು ತನಗೆ ತಿಳಿದಂತೆ ಹೇಳಿಕೊಡುತ್ತಾಳೆ. ಕತ್ತರಿಸಿದ ರಭಸಕ್ಕೆ ಬೆರಳು ಎಲ್ಲಿಗೋ ಹಾರಿಹೋಗುತ್ತದೆ. ದೊಡ್ಡ ದೊಡ್ಡ ರೌಡಿಗಳೆಲ್ಲ ಅಂಗಳದಲ್ಲಿ ಬಗ್ಗಿ ಹುಡುಕುತ್ತಾರೆ, ಕಡೆಗೆ ಅದು ಕೋಳಿಗೂಡಿನ ಹತ್ತಿರ ಸಿಗುತ್ತದೆ. ಹತ್ತು ವರ್ಷ ಕಾಲ ಪವಿತ್ರವಾಗಿದ್ದ ವಿಧಿಯೊಂದನ್ನು ಕೋಳಿಯ ಕಾಲಡಿಗೆ ತಂದು ಹಾಕಿದ ಈ ದೃಶ್ಯಕ್ಕೆ ನಗದಿರುವುದು ಕಷ್ಟ. ಆದರೆ ಆ ವಿಧಿಯನ್ನು ಮೊದಲು ಗಂಭೀರವಾಗಿ ನೋಡದಿದ್ದವರಿಗೆ ನಗು ಅರ್ಧ ಮಾತ್ರ ಬರುತ್ತದೆ. ನಿನ್ಕ್ಯೋ ಚಿತ್ರವೊಂದನ್ನಾದರೂ ಮುಂಚೆ ನೋಡಿರಬೇಕು ಎಂದು ನಾನು ಒತ್ತಾಯಿಸುವುದು ಈ ಕಾರಣಕ್ಕೆ.

ಹಿಂಸೆಯ ರೂಪವೂ ಇಲ್ಲಿ ಬದಲಾಗುತ್ತದೆ. ಕ್ಯಾಮೆರಾ ಕೈಯಲ್ಲೇ ಹಿಡಿದು ನೂಕುನುಗ್ಗಲಿನ ಒಳಗೆ ನುಗ್ಗುತ್ತದೆ, ಓರೆಯಾಗುತ್ತದೆ, ಎಡವುತ್ತದೆ. ಕೊಲ್ಲಲು ಬಂದವನಿಗೆ ಸಾಯುವವನಿಗಿಂತ ಹೆಚ್ಚು ಭಯ. ಗುಂಡುಗಳು ಗುರಿ ತಪ್ಪುತ್ತವೆ, ಸಾಯುವವನು ಬೇಗ ಸಾಯುವುದಿಲ್ಲ. ಸತ್ತ ಕೂಡಲೇ ಚಿತ್ರ ಸ್ತಬ್ಧವಾಗಿ ಪರದೆಯ ಮೇಲೆ ಅವನ ಹೆಸರು ಮತ್ತು ಸಾವಿನ ದಿನಾಂಕ ಮೂಡುತ್ತವೆ, ತಾಲ್ಲೂಕು ಕಚೇರಿಯ ಕಡತದಲ್ಲಿ ನಮೂದಿಸಿದ ಹಾಗೆ. 1930ರಲ್ಲಿ ಹುಟ್ಟಿದ ಫುಕಾಸಾಕು ಯುದ್ಧಕಾಲದಲ್ಲಿ ಶಾಲಾ ಬಾಲಕನಾಗಿ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ದುಡಿದವರು. ಬಾಂಬ್ ದಾಳಿಯ ನಂತರ ಸಹಪಾಠಿಗಳ ಶವಗಳನ್ನು ಎತ್ತಿದವರು. ಹಿರಿಯರು ಹೇಳಿಕೊಟ್ಟ ನಿಷ್ಠೆಯ ಪಾಠದ ಮೇಲೆ ಅವರಿಗಿದ್ದ ಸಿಟ್ಟು ಎಲ್ಲಿಂದ ಬಂತೆಂದು ಹುಡುಕಲು ಬಹಳ ದೂರ ಹೋಗಬೇಕಾಗಿಲ್ಲ.

ಕಥೆಯ ಮೂಲ ಹಿರೋಶಿಮಾ ಗ್ಯಾಂಗುಗಳ ಕದನದಲ್ಲಿ ಪಾಲ್ಗೊಂಡು ಜೈಲು ಸೇರಿದ್ದ ವ್ಯಕ್ತಿಯೊಬ್ಬನ ಸ್ವಂತ ಬರಹ. ಬೆಂಗಳೂರಿನ ಭೂಗತದ ಬಗ್ಗೆ ಅಗ್ನಿ ಶ್ರೀಧರ್ ಬರೆದ ಅನುಭವಕಥನವನ್ನು ಆಧರಿಸಿದ 2007ರ ‘ಆ ದಿನಗಳು’ ಚಿತ್ರವನ್ನು ನೋಡಿದವರಿಗೆ ಈ ಬಗೆಯ ಹುಟ್ಟು ಪರಿಚಿತ. ಒಂದು ವ್ಯತ್ಯಾಸ ಮಾತ್ರ ದೊಡ್ಡದು: ಫುಕಾಸಾಕು ಚಿತ್ರದಲ್ಲಿ ಪ್ರೇಮಕಥೆಗೆ ಜಾಗವೇ ಇಲ್ಲ, ಪಾತ್ರಗಳ ಸಂಖ್ಯೆ ಮಾತ್ರ ಗಾಬರಿ ಹುಟ್ಟಿಸುವಷ್ಟು. 1973–74ರಲ್ಲಿ ಬಂದ ಐದು ಭಾಗಗಳಲ್ಲಿ ಮೊದಲನೆಯದನ್ನು ನೋಡುವಾಗ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಯಾರು ಯಾರ ಕಡೆಯವರೆಂದು ಬರೆದುಕೊಂಡರೆ ನಾಚಿಕೆಪಡಬೇಕಾಗಿಲ್ಲ. ಮೂರನೆಯ ಭಾಗ ‘ಪ್ರಾಕ್ಸಿ ವಾರ್’ಗೆ ಆ ಹಾಳೆ ಇಲ್ಲದೆ ಹೋಗಲೇಬಾರದು.

ಇಷ್ಟು ದೊಡ್ಡ ಸರಣಿಗೆ ಸಮಯವಿಲ್ಲದವರು ಇದೇ ನಿರ್ದೇಶಕರ 1975ರ ‘ಗ್ರೇವ್‌ಯಾರ್ಡ್ ಆಫ್ ಆನರ್’ ನೋಡಬಹುದು. ತನ್ನ ಓಯಾಬುನ್‌ನ ಮೇಲೆಯೇ ಕತ್ತಿ ಎತ್ತಿದ ರಿಕಿಯೊ ಇಶಿಕಾವಾ ಎಂಬ ನಿಜ ವ್ಯಕ್ತಿಯ ಕಥೆ ಅದು. ಅಲ್ಲಿ ನಿಷ್ಠೆ ಯಾರ ಮೇಲೂ ಇಲ್ಲ, ಹಿಂಸೆಗೆ ಕಾರಣವೂ ಇಲ್ಲ. ಮೆಚ್ಚಿಕೊಳ್ಳುವುದು ಕಷ್ಟ, ಮರೆಯುವುದು ಇನ್ನೂ ಕಷ್ಟ. ಮನಸ್ಸು ಭಾರವಾಗಿರುವ ದಿನ ಇದರ ತಂಟೆಗೆ ಹೋಗಬೇಡಿ.

ದಾರಿ ಬಿಟ್ಟ ಕೆಲವರು

ಬಣ್ಣ ಮತ್ತು ವಿನ್ಯಾಸಗಳಿಗೆ ಮರುಳಾಗುವವರಿಗೆ ನಿಕ್ಕಾತ್ಸು ಸ್ಟುಡಿಯೊದಲ್ಲಿದ್ದ ಸೇಜುನ್ ಸುಜುಕಿ ಅವರ ‘ಟೋಕಿಯೊ ಡ್ರಿಫ್ಟರ್’ (1966) ಹಬ್ಬದೂಟ. ಬಾಸಿಗೆ ನಿಷ್ಠನಾದ ನಾಯಕ ತಿಳಿನೀಲಿ ಸೂಟಿನಲ್ಲಿ ಹಾಡುತ್ತ ಅಲೆಯುತ್ತಾನೆ, ಬಾಸು ಅವನನ್ನು ಮಾರಿಬಿಡುತ್ತಾನೆ. ಆದರೆ ನಮ್ಮ ಕಣ್ಣು ಗೋಡೆಯ ಹಳದಿಯ ಮೇಲಿರುತ್ತದೆ. ಮರುವರ್ಷ ಅವರು ತೆಗೆದ ‘ಬ್ರ್ಯಾಂಡೆಡ್ ಟು ಕಿಲ್’ ಅರ್ಥವೇ ಆಗುವುದಿಲ್ಲವೆಂದು ಸ್ಟುಡಿಯೊ ಅವರನ್ನು ಕೆಲಸದಿಂದ ತೆಗೆಯಿತು. ಅವರು ನ್ಯಾಯಾಲಯಕ್ಕೆ ಹೋದರು, ರಾಜಿಯಾಯಿತು, ಆದರೂ ಹತ್ತು ವರ್ಷ ಚಿತ್ರ ಮಾಡಲಾಗಲಿಲ್ಲ. ನಿಷ್ಠೆ ಮತ್ತು ದ್ರೋಹದ ಒಳ್ಳೆಯ ಕಥೆ ಪರದೆಯ ಹೊರಗೇ ನಡೆಯಿತು ಎನ್ನಬಹುದು. ಮೌನವನ್ನು ಇಷ್ಟಪಡುವವರಿಗೆ ಮಸಾಹಿರೊ ಶಿನೋದಾ ಅವರ ‘ಪೇಲ್ ಫ್ಲವರ್’ (1964) ಇದೆ. ಇವೆಲ್ಲಕ್ಕೂ ಮುಂಚಿನದು ಅಕಿರಾ ಕುರೋಸಾವಾ ಅವರ 1948ರ ‘ಡ್ರಂಕನ್ ಏಂಜೆಲ್’. ಕ್ಷಯರೋಗ ಹಿಡಿದ ತರುಣ ರೌಡಿಯಾಗಿ ತೋಶಿರೊ ಮಿಫುನೆ, ಬೈಯುತ್ತಲೇ ಚಿಕಿತ್ಸೆ ಕೊಡುವ ಕುಡುಕ ವೈದ್ಯನಾಗಿ ತಕಾಶಿ ಶಿಮುರಾ. ಕೊನೆಯ ಕಾಳಗದಲ್ಲಿ ಇಬ್ಬರು ರೌಡಿಗಳು ಚೆಲ್ಲಿದ ಬಿಳಿ ಬಣ್ಣದಲ್ಲಿ ಜಾರಿ ಬೀಳುತ್ತ ತೆವಳುತ್ತಾರೆ. ಫುಕಾಸಾಕು ಇಪ್ಪತ್ತೈದು ವರ್ಷಗಳ ನಂತರ ಹೇಳಿದ್ದನ್ನು ಆ ಬಣ್ಣದ ಡಬ್ಬಿ ಆಗಲೇ ಹೇಳಿತ್ತು.

ಕಿಟಾನೊ

ಈಗ ‘ಸೊನಾಟಿನ್’ಗೆ ಮರಳಬಹುದು. ಟೋಕಿಯೊದ ಮಧ್ಯಮ ದರ್ಜೆಯ ಬಾಸ್ ಮುರಾಕಾವಾನನ್ನು ಓಕಿನಾವಾಕ್ಕೆ ಒಂದು ಜಗಳ ಬಿಡಿಸಲು ಕಳುಹಿಸುತ್ತಾರೆ. ಅದು ಅವನನ್ನು ಮುಗಿಸಲು ಹೂಡಿದ ಸಂಚೆಂಬುದು ಅವನಿಗೆ ಬೇಗ ಅರಿವಾಗುತ್ತದೆ, ಆದರೂ ಅವನು ಸಿಟ್ಟಾಗುವುದಿಲ್ಲ. ಉಳಿದ ಸಂಗಡಿಗರೊಂದಿಗೆ ಕಡಲತೀರದಲ್ಲಿ ಅಡಗಿಕೊಂಡು ಮಕ್ಕಳಂತೆ ಆಡುತ್ತಾನೆ: ಕಾಗದದ ಸುಮೊ ಗೊಂಬೆಗಳ ಕುಸ್ತಿ, ಮರಳಿನಲ್ಲಿ ಗುಂಡಿ ತೋಡಿ ಗೆಳೆಯರನ್ನು ಬೀಳಿಸುವುದು. ಅನ್ನವಿಕ್ಕಿದವನು ದ್ರೋಹಿಯೆಂಬುದು ಇಲ್ಲಿ ಸುದ್ದಿಯೂ ಅಲ್ಲ. ಆರಂಭದಲ್ಲಿ, ಹಣ ಕೊಡಲೊಪ್ಪದ, ಮಹ್‌ಜಾಂಗ್ ಎಂಬ ಆಟದ ಅಂಗಡಿಯವನನ್ನು ಕ್ರೇನಿಗೆ ಕಟ್ಟಿ ನೀರಿನಲ್ಲಿ ಮುಳುಗಿಸಿ ಎಷ್ಟು ಹೊತ್ತು ತಡೆಯುತ್ತಾನೆಂದು ನೋಡುತ್ತಾರೆ. ಮಾತಿನ ನಡುವೆ ಸಮಯ ಮೀರಿ ಅವನು ಸತ್ತಿರುತ್ತಾನೆ. ಸರಿ, ಸತ್ತ, ಎಂಬಷ್ಟೇ ಪ್ರತಿಕ್ರಿಯೆ. ಬಾರಿನಲ್ಲಿ ಯಾರೂ ಬಗ್ಗದೆ ನಿಂತದ್ದು ಇದಕ್ಕೇ: ಬದುಕಿಸಿಕೊಳ್ಳಬೇಕಾದದ್ದೇನೂ ಅವರ ಬಳಿ ಉಳಿದಿಲ್ಲ.

ಇದಕ್ಕೆ ಪ್ರತಿಯಾಗಿ 2010ರ ‘ಔಟ್‌ರೇಜ್’ ಕಿಟಾನೊ ಚಿತ್ರಗಳಲ್ಲಿ ಅತ್ಯಂತ ಒಣ, ಅತ್ಯಂತ ವೇಗದ ಚಿತ್ರ. ಮೇಲಿನ ಬಾಸು ಕೆಳಗಿನವನಿಗೆ, ಅವನು ಇನ್ನೂ ಕೆಳಗಿನವನಿಗೆ ಕೆಲಸ ದಾಟಿಸುತ್ತ, ಸಿಕ್ಕಿಬಿದ್ದಾಗ ನಿರಾಕರಿಸುತ್ತ ಹೋಗುವ ಒಂದು ಕಂಪನಿಯ ಕಥೆಯಂತಿದೆ. ಕಿರುಬೆರಳು ಇಲ್ಲೂ ಬರುತ್ತದೆ. ಕ್ಷಮೆ ಕೇಳಲು ಬಂದವನ ಕೈಗೆ ಕಚೇರಿಯಲ್ಲಿ ಕಾಗದ ಕತ್ತರಿಸುವ ಕಟ್ಟರ್ ಕೊಟ್ಟು ಇದರಿಂದಲೇ ಕತ್ತರಿಸಿಕೋ ಎನ್ನುತ್ತಾರೆ. ಆಗುವುದಿಲ್ಲ, ಆಗ ಅದೇ ಕಟ್ಟರಿನಿಂದ ಅವನ ಮುಖ ಸೀಳುತ್ತಾರೆ. ಹಲ್ಲಿನ ವೈದ್ಯರ ಡ್ರಿಲ್ಲಿನ ದೃಶ್ಯವನ್ನು ಮಾತ್ರ ನಾನು ಎರಡನೆಯ ಸಲ ಪೂರ್ತಿ ನೋಡಿಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕೆಂದರೆ ‘ಸೊನಾಟಿನ್’ ಎನ್ನುತ್ತೇನೆ; ಕಥೆಯ ಬಿಗಿಯೇ ಮುಖ್ಯವೆನ್ನುವವರು ‘ಔಟ್‌ರೇಜ್’ ಎನ್ನುತ್ತಾರೆ, ಅವರೊಂದಿಗೆ ಜಗಳವಿಲ್ಲ.

ಋಣ ಉಳಿದು ಮನೆ ಇಲ್ಲವಾದಾಗ

1992ರಲ್ಲಿ ಜಪಾನಿನಲ್ಲಿ ಸಂಘಟಿತ ಗ್ಯಾಂಗುಗಳ ವಿರುದ್ಧ ಹೊಸ ಕಾನೂನು ಜಾರಿಗೆ ಬಂತು. ಅದೇ ವರ್ಷ ಯಾಕುಜಾಗಳನ್ನು ಬೆದರಿಸಿ ಬದುಕುವ ಪುಕ್ಕಲರಂತೆ ತೋರಿಸಿದ ‘ಮಿನ್ಬೊ’ ಚಿತ್ರ ಬಿಡುಗಡೆಯಾಗಿ ಒಂದು ವಾರ ಕಳೆಯುವಷ್ಟರಲ್ಲಿ ಅದರ ನಿರ್ದೇಶಕ ಜೂಜೊ ಇತಾಮಿ ಅವರ ಮುಖಕ್ಕೆ ಗ್ಯಾಂಗಿನವರು ಚಾಕು ಹಾಕಿದರು. 2011ರ ಹೊತ್ತಿಗೆ ಎಲ್ಲ ಪ್ರಾಂತಗಳಲ್ಲೂ ಬಂದ ನಿಯಮಗಳಿಂದಾಗಿ ಗ್ಯಾಂಗಿನವನಿಗೆ ಬ್ಯಾಂಕ್ ಖಾತೆ, ಬಾಡಿಗೆ ಮನೆ, ಫೋನು ಸಿಗುವುದು ದುಸ್ತರವಾಯಿತು; ಬಿಟ್ಟು ಬಂದವನಿಗೂ ಸುಮಾರು ಐದು ವರ್ಷ ಇದೇ ಗತಿ. 2024ರ ಪೊಲೀಸ್ ಲೆಕ್ಕದಲ್ಲಿ ಯಾಕುಜಾಗಳ ಸಂಖ್ಯೆ 20,000ಕ್ಕಿಂತ ಕೆಳಗಿಳಿಯಿತು.

ಈ ಬದಲಾವಣೆಯನ್ನು ಮಿಚಿಹಿತೊ ಫುಜಿಯಿ ಅವರ ‘ಎ ಫ್ಯಾಮಿಲಿ’ (2021) 1999, 2005, 2019 ಎಂಬ ಮೂರು ಕಾಲಗಳಲ್ಲಿ ಹಿಡಿಯುತ್ತದೆ. ಇಲ್ಲಿ ಓಯಾಬುನ್ ಮತ್ತೆ ಯೋಗ್ಯ, ನಿನ್ಕ್ಯೋ ಚಿತ್ರಗಳ ತಂದೆಯಂತೆಯೇ. ಆದರೆ ಜೈಲಿನಿಂದ ಬಂದ ಮಗನಿಗೆ ಋಣ ತೀರಿಸಲು ಮನೆಯೇ ಉಳಿದಿಲ್ಲ. ಮಿವಾ ನಿಶಿಕಾವಾ ಅವರ ‘ಅಂಡರ್ ದಿ ಓಪನ್ ಸ್ಕೈ’ ಇನ್ನೂ ಮೃದುವಾದ ಚಿತ್ರ: 13 ವರ್ಷ ಸೆರೆಯಲ್ಲಿದ್ದು ಬಂದ ಮುದಿ ರೌಡಿಯಾಗಿ ಕೋಜಿ ಯಾಕುಶೊ, ಸಿಟ್ಟನ್ನು ನುಂಗಿ ಬದುಕಲು ಕಲಿಯುತ್ತಾನೆ. ರಕ್ತ ನೋಡಲಾಗದವರು ಇದರಿಂದಲೇ ಆರಂಭಿಸಬಹುದು; ನನ್ನ ಕ್ರಮಕ್ಕೆ ಇದೊಂದೇ ವಿನಾಯಿತಿ. ಹಳೆಯ ಫುಕಾಸಾಕು ಚಿತ್ರಗಳ ಗದ್ದಲವೇ ಬೇಕು, ಆದರೆ ಹೊಸ ಚಿತ್ರವಾಗಿರಬೇಕು ಎನ್ನುವವರಿಗೆ ಹಿರೋಶಿಮಾ ಪ್ರಾಂತದಲ್ಲೇ ನಡೆಯುವ ‘ದಿ ಬ್ಲಡ್ ಆಫ್ ವುಲ್ವ್ಸ್’ (2018) ಇದೆ.

ಒಂದೇ ವಾರಾಂತ್ಯ ಇರುವವರಿಗೆ ನನ್ನ ಸಲಹೆ: ಶನಿವಾರ ರಾತ್ರಿ ‘ಬಿಗ್ ಟೈಮ್ ಗ್ಯಾಂಬ್ಲಿಂಗ್ ಬಾಸ್’, ಭಾನುವಾರ ‘ಬ್ಯಾಟಲ್ಸ್’ನ ಮೊದಲ ಭಾಗ, ಇನ್ನೊಂದು ರಜೆ ಸಿಕ್ಕಾಗ ‘ಸೊನಾಟಿನ್’. ಮೊದಲೆರಡನ್ನು ಜೊತೆಯಾಗಿ ಇಡಲು ಒಂದು ಸ್ವಾರಸ್ಯದ ಕಾರಣವಿದೆ. ಎರಡರ ಚಿತ್ರಕಥೆಯನ್ನೂ ಬರೆದವರು ಕಾಜುವೊ ಕಾಸಾಹಾರಾ. ಮರ್ಯಾದೆಯನ್ನು ಕಟ್ಟಿದ ಕೈಯೇ ಐದು ವರ್ಷಗಳ ನಂತರ ಅದನ್ನು ಕೆಡವಿತು. ಎರಡರಲ್ಲೂ ಸಂಚುಗಾರನ ಪಾತ್ರ ವಹಿಸಿದವರು ನೊಬುವೊ ಕನೇಕೊ. 1968ರಲ್ಲಿ ಕಿಮೋನೊ ಉಟ್ಟು, ಹಿರಿಯರ ನಡುವೆ ನೆಟ್ಟಗೆ ಕೂತು ಮೆಲ್ಲಗೆ ಮಾತಾಡುವ ಆ ಮನುಷ್ಯ 1973ರಲ್ಲಿ ಯಾಮಾಮೋರಿಯಾಗಿ, ಕೂಗಾಡುತ್ತ, ಅಳುತ್ತ, ಕೊಡಬೇಕಾದ ಹಣವನ್ನು ಬಚ್ಚಿಡುತ್ತ ಎದುರಿಗೆ ಬರುತ್ತಾನೆ. ಮೊದಲನೆಯದರಲ್ಲಿ ನಾಯಕನ ಕತ್ತಿ ಅವನನ್ನು ತಲುಪುತ್ತದೆ. ಎರಡನೆಯದರಲ್ಲಿ ಸರಣಿಯ ಐದು ಭಾಗ ಮುಗಿದರೂ ಅವನಿಗೆ ಏನೂ ಆಗುವುದಿಲ್ಲ.